ಡ್ರೋನ್ ಫೋಟೊದಿಂದ ಹೊಲದ ಕಾಂಟೂರ್ ನಕ್ಷೆ: ಎತ್ತರ ತಪ್ಪದಂಗ ಮಾಡೂದು ಹೆಂಗ

ತಿಂಗಳಿಗೆ ನಾಲ್ಕೈದು ಮಂದಿಯಾದ್ರೂ ಒಂದ ಪ್ರಶ್ನೆ ಕೇಳತಾರ. "ಸರ್, ಡ್ರೋನ್ ಹಾರಿಸಿದ್ವಿ, ಫೋಟೊ ಚಲೋ ಬಂದಾವ, ಸಾಫ್ಟ್‌ವೇರ್‌ಗೆ ಹಾಕಿದ್ವಿ, ನಕ್ಷೆನೂ ಬಂತು, ಆದ್ರ ಕಾಂಟೂರ್ ನೋಡಿದ್ರ ಹಳ್ಳದ ನೀರು ಮಡ್ಡಿ ಏರಿ ಹರಿಯೋ ಹಂಗ ತೋರಸತೈತಿ, ಎಲ್ಲಿ ತಪ್ಪಿದ್ವಿ?" (ಕಾಂಟೂರ್ ಅಂದ್ರ ಒಂದ ಎತ್ತರದ ಜಾಗ ಕೂಡಿಸೋ ಗೆರಿ.) ಕೇಳೋರು ಜಮಖಂಡಿ, ಮುಧೋಳ ಕಡೆ ಡ್ರಿಪ್ ಲೇಔಟ್ ಮಾಡೋ ಹುಡುಗರು, ತಿಕೋಟಾ ಕಡೆ ದ್ರಾಕ್ಷಿ ಪಡ ಹಾಕೋರು, ಡಿಪ್ಲೊಮಾ ಸಿವಿಲ್ ಮುಗಿಸಿ ಸ್ವಂತ ಸರ್ವೆ ಕೆಲಸ ಶುರು ಮಾಡಿದೋರು. ಒಬ್ಬೊಬ್ಬರಿಗೆ ಫೋನಿನಾಗ ಹೇಳಿದ್ರ ಅರ್ಧ ಬಿಟ್ಟ ಹೋಗತೈತಿ, ಅದಕ್ಕ ಪೂರ್ತಿ ಒಂದ ಕಡೆ ಬರದೀನಿ.

ಮೊದಲ ಒಂದು ಮಾತು ತಲ್ಯಾಗ ಇಟ್ಕೋರಿ. ಡ್ರೋನ್ ಫೋಟೊ ತಗೀತೈತಿ ಅಷ್ಟ, ಅಳತಿ ಕೊಡೂದು ನೆಲ. ನೆಲದ ಮ್ಯಾಲ ನೀವು ಗುರುತು ಹಾಕಿ, ಅದರ ಜಾಗ ಮತ್ತ ಎತ್ತರ ಸರಿಯಾಗಿ ಅಳದು ಕೊಡಲಿಲ್ಲಂದ್ರ ಎಷ್ಟ ಲಕ್ಷದ ಡ್ರೋನ್ ಇದ್ರೂ ಬರೋದು ಚಂದನ ಚಿತ್ರ, ನಕ್ಷೆ ಅಲ್ಲ. ನನಗ ಕರೆ ಮಾಡಿದೋರ ಹತ್ತು ಕೆಲಸದಾಗ ಎಂಟರ ತಪ್ಪು ಹೊಲದಾಗ ಆಗಿರತೈತಿ, ಕಂಪ್ಯೂಟರ್‌ನಾಗ ಅಲ್ಲ.

ಫೋಟೊದಿಂದ ಎತ್ತರ ಬರೂದು ಹೆಂಗಂತ ಒಂದ ಸಾಲಿನಾಗ ಹೇಳಬೇಕಂದ್ರ: ಒಂದ ಜಾಗವನ್ನ ಬ್ಯಾರೆ ಬ್ಯಾರೆ ಕಡೆಯಿಂದ ತಗದ ಭಾಳಷ್ಟು ಫೋಟೊ ಹೋಲಿಸಿ, ಎರಡೂ ಕಣ್ಣಿಂದ ನೋಡಿ ನಾವು ದೂರ ಅಂದಾಜು ಮಾಡತೀವಲ್ಲ ಹಂಗ, ಸಾಫ್ಟ್‌ವೇರ್ ಪ್ರತಿ ಬಿಂದುವಿನ ಎತ್ತರ ಲೆಕ್ಕ ಹಾಕತೈತಿ. ಇದಕ್ಕ ಫೋಟೊಗ್ರಾಮೆಟ್ರಿ ಅಂತಾರ. ಮುಂದ ಎಲ್ಲಾ ಕಡೆ ಒಂದು ಉದಾಹರಣೆ ಇಟ್ಕೊಂಡು ಹೋಗೂಣು: ಬಾಗಲಕೋಟೆ ಕಡೆ 20 ಎಕರೆ ಹೊಲ, ಮ್ಯಾಲ ಮಡ್ಡಿ, ಕೆಳಗ ಎರಿ, ನಡುವ ಒಂದು ಸಣ್ಣ ಹಳ್ಳ. ಅಂದಾಜು 280 ಮೀಟರ್ ಉದ್ದ, 290 ಮೀಟರ್ ಅಗಲ.

1. ನಕ್ಷೆ ಯಾತಕ್ಕ ಬೇಕು ಅಂತ ಮೊದಲ ಕೇಳ್ರಿ

ಕೃಷಿ ಹೊಂಡ ಎಲ್ಲಿ ತೋಡಬೇಕು, ಒಡ್ಡು ಯಾವ ಗೆರಿ ಮ್ಯಾಲ ಹಾಕಬೇಕು, ಡ್ರಿಪ್ ಮೇನ್ ಲೈನ್ ಎಲ್ಲಿ ಒಯ್ಯಬೇಕು, ಇವಕ್ಕೆಲ್ಲಾ ಬೇಕಾಗಿದ್ದು ಹೊಲದೊಳಗಿನ ತಗ್ಗು-ದಿನ್ನಿ ಒಂದಕ್ಕೊಂದು ಸರಿ ಇರೂದು. ಸಮುದ್ರ ಮಟ್ಟದಿಂದ ಎಷ್ಟು ಎತ್ತರ ಅನ್ನೋದು ಇದಕ್ಕ ಅಷ್ಟು ಮುಖ್ಯ ಅಲ್ಲ. ಆದ್ರ ಕಾಲುವೆ ಕೆಲಸ, ರಸ್ತೆ ಕೆಲಸ, ಪಕ್ಕದ ಹಳೆ ಸರ್ವೆ ಜೋಡಿ ಕೂಡಿಸೋ ಕೆಲಸ ಇದ್ರ ಖರೆ ಎತ್ತರನೂ ಬೇಕು, ಖರೆ ಜಾಗನೂ ಬೇಕು.

ಇನ್ನೊಂದು, ಹದ್ದುಬಸ್ತಿಗೆ ಡ್ರೋನ್ ನಕ್ಷೆ ತಗೊಂಡು ಜಗಳಕ್ಕ ಇಳೀಬ್ಯಾಡ್ರಿ. ಫೋಟೊದಾಗ ಬದು ಎಲ್ಲೈತಿ ಅಂತ ಕಾಣತೈತಿ, ಬದು ಇರೋ ಜಾಗದಾಗ ಹದ್ದು ಐತಿ ಅಂತ ಅದು ಹೇಳೂದಿಲ್ಲ. ಹದ್ದು ಗೊತ್ತ ಮಾಡೂದು ಸರ್ವೆ ಇಲಾಖೆ ಭೂಮಾಪಕರ ಕೆಲಸ, ಟಿಪ್ಪಣಿ, ಅಂದ್ರ ಹಳೆ ಅಳತಿ ದಾಖಲೆ, ನೋಡಿ ಮಾಡತಾರ. ಕೆಲಸ ತಗೋಳ್ಳೂಮುಂದನ ರೈತರಿಗೆ ಇದನ್ನ ಬಿಡಿಸಿ ಹೇಳ್ರಿ.

2. ಹಾರಸೂಕ ಪರವಾನಗಿ ಐತೋ ಇಲ್ಲೋ ನೋಡ್ರಿ

ಡ್ರೋನ್ ರೂಲ್ಸ್ 2021ರ ಪ್ರಕಾರ ಡ್ರೋನ್ ನೋಂದಣಿ ಆಗಿ ಅದಕ್ಕ ಯುಐಎನ್ ಅನ್ನೋ ನಂಬರ್ ಇರಬೇಕು. 250 ಗ್ರಾಂ ತನಕ ನ್ಯಾನೊ, ಅಲ್ಲಿಂದ 2 ಕೆಜಿ ತನಕ ಮೈಕ್ರೊ, 25 ಕೆಜಿ ತನಕ ಸ್ಮಾಲ್. ಮೈಕ್ರೊ ಡ್ರೋನ್ ಸ್ವಂತಕ್ಕ ಹಾರಿಸಿದ್ರ ಪೈಲಟ್ ಸರ್ಟಿಫಿಕೇಟ್ ಬ್ಯಾಡ, ಆದ್ರ ರೊಕ್ಕ ತಗೊಂಡು ಸರ್ವೆ ಮಾಡಿದ್ರ ಬೇಕು. ಇದನ್ನ ಭಾಳ ಮಂದಿ ಮರೀತಾರ. ಇನ್ಶೂರೆನ್ಸ್‌ನೂ ಮಾಡಸ್ರಿ.

ಜಾಗದ ಝೋನ್ ಮ್ಯಾಪ್ ಡಿಜಿಟಲ್ ಸ್ಕೈ ಅನ್ನೋ ಸರ್ಕಾರಿ ವೆಬ್‌ಸೈಟ್ ಒಳಗ ನೋಡ್ರಿ. ಗ್ರೀನ್ ಝೋನ್‌ನಾಗ 400 ಅಡಿ, ಅಂದ್ರ 120 ಮೀಟರ್ ತನಕ ಕೇಳದ ಹಾರಸಬಹುದು. ವಿಮಾನ ನಿಲ್ದಾಣದ ಕಾಂಪೌಂಡಿನಿಂದ 8 ಕಿಲೋಮೀಟರ್ ದಾಟಿ 12ರ ತನಕ ಇದ್ದ ಜಾಗದಾಗ ಆ ಮಿತಿ 200 ಅಡಿಗೆ ಇಳೀತೈತಿ, 8ರ ಒಳಗಂತೂ ಅನುಮತಿ ಇಲ್ಲದ ಹಾರಸಂಗಿಲ್ಲ. ಬೆಳಗಾವಿ ಕಡೆ ಸಾಂಬ್ರಾ ವಿಮಾನ ನಿಲ್ದಾಣ, ವಾಯುಪಡೆ ತರಬೇತಿ ಶಾಲೆ, ಕ್ಯಾಂಟೋನ್ಮೆಂಟ್ ಎಲ್ಲಾ ಒಂದ ಸುತ್ತಿನಾಗ ಅದಾವ, ಅಲ್ಲಿ ಪ್ರತಿ ಸಲ ನೋಡೇ ನೋಡ್ರಿ, ಹೋದ ತಿಂಗಳ ಹಾರಿಸಿದ್ವಿ ಅನ್ನೋ ಧೈರ್ಯ ಬ್ಯಾಡ. ಆಲಮಟ್ಟಿ ಅಣೆಕಟ್ಟಿನ ಹತ್ತಿರ, ಗೋಳಗುಮ್ಮಟ, ಬಾದಾಮಿ, ಪಟ್ಟದಕಲ್ಲು, ಐಹೊಳೆ ಸ್ಮಾರಕಗಳ ಹತ್ತಿರ ಬಿಡಿಯಾಗಿ ಬರಹದ ಪರವಾನಗಿ ಇಲ್ಲದ ಡ್ರೋನ್ ಪೆಟ್ಟಿಗಿನೂ ತಗೀಬ್ಯಾಡ್ರಿ. ಪಕ್ಕದ ಹೊಲದೋರಿಗೆ ಹಿಂದಿನ ದಿನನ ಹೇಳಿರಿ, ಮ್ಯಾಲ ಡ್ರೋನ್ ಗುಂಯ್ ಅಂದ್ರ ಯಾರಿಗಾದ್ರೂ ಸಂಶಯ ಬರೋದು ಸಹಜ.

3. ಏನೇನು ಬೇಕು

ಡ್ರೋನ್, ಸಾಧ್ಯ ಇದ್ರ ಮೆಕ್ಯಾನಿಕಲ್ ಶಟರ್ ಇರೋದು. ಅಗ್ಗದ ಕ್ಯಾಮೆರಾದಾಗ ಶಟರ್ ಫೋಟೊವನ್ನ ಸಾಲು ಸಾಲಾಗಿ ಓದತೈತಿ, ಅಷ್ಟರಾಗ ಡ್ರೋನ್ ಮುಂದ ಹೋಗಿರತೈತಿ, ಚಿತ್ರ ಸ್ವಲ್ಪ ಜಗ್ಗಿದಂಗ ಬರತೈತಿ. ಅದಕ್ಕ ರೋಲಿಂಗ್ ಶಟರ್ ಅಂತಾರ. ಅಂಥಾ ಡ್ರೋನ್ ಇದ್ರ ನಿಧಾನ ಹಾರಸ್ರಿ, ಕೆಲಸ ಆಗತೈತಿ.

ಡಿಜಿಪಿಎಸ್, ಅಂದ್ರ ಸೆಂಟಿಮೀಟರ್ ಲೆಕ್ಕದಾಗ ಜಾಗ ಹೇಳೋ ಜಿಪಿಎಸ್, ಒಂದ ಕಡೆ ನಿಲ್ಲಿಸೋ ಬೇಸ್ ಮತ್ತ ಹಿಡಕೊಂಡು ಅಡ್ಡಾಡೋ ರೋವರ್ ಜೋಡಿ. ಕೊಳ್ಳೂದು ಬ್ಯಾಡ, ದಿನದ ಬಾಡಿಗಿಗೆ ಸಿಗತೈತಿ. ಅದು ಸಿಗಲಿಲ್ಲಂದ್ರ ಟೋಟಲ್ ಸ್ಟೇಷನ್, ಅಂದ್ರ ಮೂರುಗಾಲಿನ ಮ್ಯಾಲ ಇಟ್ಟು ಕೋನ-ದೂರ ಅಳೆಯೋ ಯಂತ್ರ, ಆದ್ರೂ ನಡೀತೈತಿ. ಬೋರ್‌ವೆಲ್ ಕಟ್ಟಿಗೆ 100.00 ಮೀಟರ್ ಅಂತ ಎತ್ತರ ಇಟ್ಕೊಂಡು ಉಳಿದೆಲ್ಲಾ ಗುರುತು ಅದರಿಂದ ಅಳೀರಿ, ಹೊಂಡ-ಒಡ್ಡಿನ ಕೆಲಸಕ್ಕ ಅಷ್ಟು ಸಾಕು. ಮೊಬೈಲ್ ಜಿಪಿಎಸ್‌ನಿಂದ ಮಾತ್ರ ಅಳೀಬ್ಯಾಡ್ರಿ, ಅದು ಮೂರು-ನಾಲ್ಕು ಮೀಟರ್ ಆಚೀಚೆ, ಎತ್ತರದಾಗ ಇನ್ನೂ ಹೆಚ್ಚು ತಪ್ಪತೈತಿ. ಗೂಗಲ್ ಅರ್ಥ್ ತೋರಸೋ ಎತ್ತರನೂ ಅಷ್ಟ.

ಇವಲ್ಲದ ಹದಿನೈದು ಗುರುತು, ಮೊಳೆ, ಸುತ್ತಿಗಿ, ಒಂದು ನೋಟ್‌ಬುಕ್ಕು. ನೋಟ್‌ಬುಕ್ಕು ಮರೀಬ್ಯಾಡ್ರಿ.

4. ಯಾವ ಹಂಗಾಮು, ಯಾವ ಹೊತ್ತು

ನಿಂತ ಕಬ್ಬಿನ ಮ್ಯಾಲ ಹಾರಿಸಿದ್ರ ಕಬ್ಬಿನ ಗರಿಯ ನಕ್ಷೆ ಬರತೈತಿ, ನೆಲದ್ದಲ್ಲ. ಫೋಟೊಕ್ಕ ಕಾಣದ ನೆಲ ಯಾವ ಸಾಫ್ಟ್‌ವೇರ್‌ಗೂ ಕಾಣೂದಿಲ್ಲ. ಹಿಂಗಾರಿ ಜೋಳ ಕಿತ್ತು ಕಣಕ್ಕ ಹೋದ ಮ್ಯಾಲ, ಮುಂಗಾರಿ ಬಿತ್ತಿಗೆ ಮೊದಲ, ಅಂದ್ರ ಮಾರ್ಚಿನಿಂದ ಮೇ ತನಕ ಚಲೋ. ಎರಿ ನೆಲ ಬಿರುಕು ಬಿಟ್ಟಿದ್ರ ಹೆದರಬ್ಯಾಡ್ರಿ, ಬಿರುಕಿನಿಂದ ಸಾಫ್ಟ್‌ವೇರ್‌ಗೆ ಗುರುತು ಹಿಡಿಯೂಕ ಅನುಕೂಲನ ಆಗತೈತಿ. ಹರಗಿ ಒಂದ ಸಮ ಕಪ್ಪಾದ ಹೊಲ ಕಠಿಣ.

ಹೊತ್ತು ಮುಂಜಾನೆ ಒಂಬತ್ತೂವರಿಯಿಂದ ಹನ್ನೊಂದೂವರಿ. ಅದಕ್ಕಿಂತ ಮೊದಲ ನೆಳ್ಳು ಉದ್ದ ಇರತೈತಿ, ಬೇವಿನ ಗಿಡದ ನೆಳ್ಳಿನಾಗ ಒಡ್ಡು ಮುಚ್ಚಿ ಹೋಗತೈತಿ. ಅದರಾಚೆ ನಮ್ಮ ಬ್ಯಾಸಗಿ ಬಿಸಲು 40 ಡಿಗ್ರಿ ಮುಟ್ಟತೈತಿ, ಭಾಳಷ್ಟು ಡ್ರೋನ್ ಬ್ಯಾಟರಿಗೆ ಅದ ಮಿತಿ, ಟ್ಯಾಬ್ಲೆಟ್ ಸ್ಕ್ರೀನೂ ಕಾದು ಬಂದ್ ಆಗತೈತಿ. ಆಷಾಢದ ಗಾಳಿಯೊಳಗ ಹಾರಸೂ ವಿಚಾರ ಬಿಟ್ಟಬಿಡ್ರಿ.

5. ನೆಲದ ಗುರುತು ಹಾಕೂದು

ಇಲ್ಲಿ ನಿಧಾನ ಓದ್ರಿ, ಇಡೀ ಕೆಲಸದ ಜೀವ ಇಲ್ಲೈತಿ.

ಜಿಸಿಪಿ ಅಂದ್ರ ಗ್ರೌಂಡ್ ಕಂಟ್ರೋಲ್ ಪಾಯಿಂಟ್: ಫೋಟೊದಾಗ ಸ್ಪಷ್ಟ ಕಾಣೋ, ನಾವು ನಿಖರ ಅಳದ ನೆಲದ ಮ್ಯಾಲಿನ ಗುರುತು. ಇದನ್ನ ಸಾಫ್ಟ್‌ವೇರ್‌ಗೆ ಕೊಡತೀವಿ, ಅದು ನಕ್ಷೆಯನ್ನ ಇದಕ್ಕ ಹೊಂದಿಸಿ ಕೂಡಸತೈತಿ. ಚೆಕ್ ಪಾಯಿಂಟ್ ಅಂದ್ರ ಅದ ಥರದ ಗುರುತು, ಹಂಗ ಅಳದಿರತೀವಿ, ಆದ್ರ ಸಾಫ್ಟ್‌ವೇರ್‌ಗೆ ಹೇಳೂದಿಲ್ಲ. ನಕ್ಷೆ ಬಂದ ಮ್ಯಾಲ ಅದರ ಜೋಡಿ ತಾಳೆ ನೋಡೂಕ ಬಚ್ಚಿಟ್ಕೋತೀವಿ. ಪರೀಕ್ಷೆದಾಗ ಪ್ರಶ್ನೆಪತ್ರಿಕೆ ಮೊದಲ ಕೊಟ್ಟ್ರ ಎಲ್ಲಾರೂ ಪಾಸ ಆಗತಾರ, ಅದಕ್ಕ ಒಂದಿಷ್ಟು ಪ್ರಶ್ನೆ ಮುಚ್ಚಿ ಇಡೂದು.

ನಮ್ಮ 20 ಎಕರೆಗೆ 8 ಜಿಸಿಪಿ, 5 ಚೆಕ್ ಪಾಯಿಂಟ್ ಹಾಕ್ರಿ. ನಾಲ್ಕು ಮೂಲಿಗೆ ನಾಲ್ಕು, ಎದುರಾಬದುರು ಎರಡು ಬದಿ ನಡುವ ಒಂದೊಂದು, ಹೊಲದ ನಟ್ಟನಡುವ ಒಂದು, ಹಳ್ಳದ ತಗ್ಗಿನಾಗ ಒಂದು. ಮಡ್ಡಿಯ ಎತ್ತರದ ತುದಿಗೆ ಮೂಲಿ ಗುರುತು ಬರಲಿಲ್ಲಂದ್ರ ಅಲ್ಲಿ ಇನ್ನೊಂದು ಹಾಕ್ರಿ. ಚೆಕ್ ಪಾಯಿಂಟ್ ಐದನ್ನ ಇವುಗಳ ನಡುವಿನ ಖಾಲಿ ಜಾಗದಾಗ ಹರಡ್ರಿ. ಭಾಳ ಮಂದಿ ಮಾಡೋ ತಪ್ಪು ಏನಂದ್ರ ಗಾಡಿ ನಿಲ್ಲಿಸಿದ ಕಡೆ, ದಾರಿ ಗುಂಟ ಒಂದ ಸಾಲಿನಾಗ ಎಲ್ಲಾ ಗುರುತು ಇಟ್ಟಬಿಡೂದು. ಹಂಗ ಮಾಡಿದ್ರ ನಕ್ಷೆ ಆ ಸಾಲಿನ ಮ್ಯಾಲ ಬಾಗಲದಂಗ ತಿರುಗತೈತಿ, ಆಚೆ ಬದಿ ಅರ್ಧ ಮೀಟರ್ ಮ್ಯಾಲೂ ಹೋಗಬಹುದು, ಕೆಳಗೂ ಇಳೀಬಹುದು. ಬಿಸಲಾಗ ನಡದು ಆಚೆ ಮೂಲಿಗೆ ಹೋಗೇ ಹೋಗ್ರಿ.

ನಡುವಿನ ಗುರುತು ಯಾಕ ಬೇಕಂತ ನಾನ ಕಲತದ್ದು ನನ್ನ ಮೊದಲನೇ ಕೆಲಸದಾಗ. ಬರೇ ನಾಲ್ಕು ಮೂಲಿಗೆ ಹಾಕಿದ್ದೆ. ನಕ್ಷೆಯೊಳಗ ಹೊಲದ ನಡುವ ಸುತ್ತ ಸುತ್ತ ಗೆರಿ ಬಂದು ಚಲೋ ಒಂದು ತಗ್ಗು ಕಾಣತಿತ್ತು, ಹೊಂಡಕ್ಕ ಇದ ಜಾಗ ಅಂತ ಹೇಳಿದೆ. ಹೊಲದ ಯಜಮಾನರು ನಕ್ಷೆ ನೋಡಿ, "ತಮ್ಮಾ, ಅಲ್ಲಿ ಮಳಿ ನೀರು ಒಂದು ತಾಸೂ ನಿಂದ್ರೂದಿಲ್ಲ" ಅಂದ್ರು. ಲೆವೆಲ್ ಇಟ್ಟು ನೋಡಿದ್ರ ಅವರ ಮಾತ ಖರೆ. ಇದಕ್ಕ ಬೌಲ್ ಎಫೆಕ್ಟ್ ಅಂತಾರ, ಬಟ್ಟಲ ದೋಷ ಅನ್ನಬಹುದು. ಕ್ಯಾಮೆರಾ ಲೆನ್ಸು ಚಿತ್ರವನ್ನ ಅಂಚಿನಾಗ ಸ್ವಲ್ಪ ಬಗ್ಗಸತೈತಿ, ಎಷ್ಟು ಬಗ್ಗಸತೈತಿ ಅಂತ ಸಾಫ್ಟ್‌ವೇರ್ ತಾನ ಲೆಕ್ಕ ಹಾಕಬೇಕು, ಎಲ್ಲಾ ಫೋಟೊ ನೆಟ್ಟಗ ಕೆಳಗ ನೋಡಿ ತಗದಿದ್ರ ಲೆನ್ಸಿನ ಬಾಗು ಯಾವುದು, ನೆಲದ ಬಾಗು ಯಾವುದು ಅಂತ ಅದಕ್ಕ ಬೇರ್ಪಡಿಸಾಕ ಬರೂದಿಲ್ಲ. ಆಗ ಸಪಾಟ ಹೊಲ ಬಟ್ಟಲದಂಗ ಇಲ್ಲಾ ಬುಟ್ಟಿ ಬೋರಲ ಹಾಕಿದಂಗ ಕಾಣತೈತಿ. ಮದ್ದು ಎರಡು: ನಡುವ ಜಿಸಿಪಿ, ಮತ್ತ ಓರೆ ಫೋಟೊ. ಎರಡನೇದು ಹಾರಾಟದಾಗ ಹೇಳತೀನಿ.

ಗುರುತಿನ ಸೈಜು ಎರಡಡಿ ಚೌಕ, ಕಪ್ಪು-ಬಿಳಿ ಚದುರಂಗದ ಮನಿ ಥರ ನಾಲ್ಕು ಭಾಗ, ನಡುವ ಕೂಡೋ ಬಿಂದುನ ನಿಮ್ಮ ಬಿಂದು. ಫ್ಲೆಕ್ಸ್ ಅಂಗಡಿಯಾಗ ಪ್ರಿಂಟ್ ಹಾಕಸ್ರಿ, ಹೊಳಪಿಲ್ಲದ್ದು ಕೇಳ್ರಿ, ಹೊಳಪಿನ ಫ್ಲೆಕ್ಸು ಬಿಸಲಿಗೆ ಬರೇ ಬಿಳಿ ಚುಕ್ಕಿ ಆಗಿ ಕಾಣತೈತಿ. ಎರಿ ನೆಲದಾಗ ಸುಣ್ಣದ ಗೆರಿ ಎಳದ್ರೂ ನಡೀತೈತಿ, ಬಿಳಿ ಮಡ್ಡಿಯಾಗ ಅದು ಕಾಣೂದಿಲ್ಲ. ನಾಲ್ಕು ಮೂಲಿಗೆ ಮೊಳೆ ಹೊಡೀರಿ, ಗಿಡದ ಕೆಳಗ, ಒಡ್ಡಿನ ಓರೆ ಮ್ಯಾಲ ಹಾಕಬ್ಯಾಡ್ರಿ. ಕುರಿ ಹಿಂಡು ಹಾದ ಹೋಗೋ ಹೊಲ ಇದ್ರ ಕಾಯೂಕ ಒಬ್ಬರನ್ನ ನಿಲ್ಲಸ್ರಿ, ಅಳತಿ ಆದ ಮ್ಯಾಲ ಗುರುತು ಒಂದ ಗೇಣು ಸರದ್ರೂ ನಿಮಗ ಗೊತ್ತ ಆಗೂದಿಲ್ಲ, ನಕ್ಷೆ ಮಾತ್ರ ಕೆಡತೈತಿ.

6. ಗುರುತು ಅಳೆಯೂದು

ರೋವರ್ ಕಂಬವನ್ನ ಚೌಕದ ನಟ್ಟನಡುವ ಇಡ್ರಿ, ಕಂಬದ ಲೆವೆಲ್ ಗುಳ್ಳಿ ನಡುವ ಬರೂ ತನಕ ಕಾಯಿರಿ, ಸ್ಕ್ರೀನಿನಾಗ ಫಿಕ್ಸ್ ಅಂತ ಬಂದ ಮ್ಯಾಲ ಅಳತಿ ತಗೋರಿ. ಫ್ಲೋಟ್ ಅಂತ ಇದ್ರ ಅದಕ್ಕ ಇನ್ನೂ ಸರಿ ಉತ್ತರ ಸಿಕ್ಕಿಲ್ಲ ಅಂತ ಅರ್ಥ, ಅರ್ಧ ಮೀಟರ್ ತಪ್ಪಿದ್ರೂ ತಪ್ಪಬಹುದು. ಪ್ರತಿ ಗುರುತನ್ನ ಎರಡು ಸಲ ಅಳೀರಿ, ನಡುವ ಹತ್ತಿಪ್ಪತ್ತು ನಿಮಿಷ ಬಿಟ್ಟು. ಎರಡೂ ಎರಡ್ಮೂರು ಸೆಂಟಿಮೀಟರಿನೊಳಗ ಕೂಡಿದ್ರ ಸರಿ.

ಕಂಬದ ಎತ್ತರ! ಮಷಿನ್‌ನಾಗ 2 ಮೀಟರ್ ಅಂತ ಇಟ್ಟು ಕಂಬ 1.8ಕ್ಕ ಇಳಿಸಿದ್ರ ಆ ಬಿಂದು 20 ಸೆಂಟಿಮೀಟರ್ ತಪ್ಪು. ಕಂಬ ಏರಿಸಿ ಇಳಿಸಿದಾಗೊಮ್ಮೆ ನೋಟ್‌ಬುಕ್ಕಿನಾಗ ಬರೀರಿ.

ಬೇಸ್ ಇಟ್ಟ ಜಾಗದ ಅಳತಿ ಸರಿ ಗೊತ್ತಿಲ್ಲಂದ್ರ ಇಡೀ ನಕ್ಷೆ ಒಂದೆರಡು ಮೀಟರ್ ಪಕ್ಕಕ್ಕ ಸರೀತೈತಿ, ಆದ್ರ ಹೊಲದೊಳಗಿನ ಇಳಿಜಾರು ಸರಿನ ಇರತೈತಿ. ಹೊಂಡದ ಕೆಲಸಕ್ಕ ಅದು ನಡೀತೈತಿ, ಹಳೆ ಸರ್ವೆಗೆ ಕೂಡಸೂಕ ನಡೆಯೂದಿಲ್ಲ. ಸರ್ವೆ ಆಫ್ ಇಂಡಿಯಾದ ಕಾರ್ಸ್ ಅನ್ನೋ ಜಾಲ ಐತಿ, ಸದಾ ಚಾಲೂ ಇರೋ ಬೇಸ್ ಸ್ಟೇಷನ್‌ಗಳು, ನೋಂದಣಿ ಮಾಡಿಕೊಂಡ್ರ ಮೊಬೈಲ್ ಇಂಟರ್‌ನೆಟ್ ಮ್ಯಾಲ ತಿದ್ದುಪಡಿ ಬರತೈತಿ, ನಿಮ್ಮ ಬೇಸ್ ಬ್ಯಾಡ. ನೆಟ್‌ವರ್ಕ್ ಸಿಗೋ ಹೊಲ ಇರಬೇಕಷ್ಟ.

ಎತ್ತರದ ವಿಚಾರದಾಗ ಇನ್ನೊಂದು ಗೋಜಲು. ಜಿಪಿಎಸ್ ಕೊಡೋ ಎತ್ತರ ಎಲಿಪ್ಸಾಯ್ಡ್ ಎತ್ತರ, ಅಂದ್ರ ಭೂಮಿ ನುಣುಪಾದ ಮೊಟ್ಟಿ ಆಕಾರದ್ದು ಅಂತ ಹಿಡಿದು ಹಾಕಿದ ಲೆಕ್ಕ. ನಾವು ಹೇಳೋ ಸಮುದ್ರ ಮಟ್ಟದ ಎತ್ತರ ಬ್ಯಾರೆ, ಅದು ಜಿಯಾಯ್ಡ್ ಮ್ಯಾಲಿಂದ, ಅಂದ್ರ ಸಮುದ್ರ ಮಟ್ಟವನ್ನ ನೆಲದ ಕೆಳಗೂ ಚಾಚಿದಂಗ ಹಿಡಿದ ಮಟ್ಟದಿಂದ. ನಮ್ಮ ಕಡೆ ಈ ಎರಡರ ನಡುವ ಅಂತರ 60ರಿಂದ 80 ಮೀಟರ್! ಒಂದ ಕೆಲಸದಾಗ ಎರಡೂ ಕೂಡಸಬ್ಯಾಡ್ರಿ. ಆರ್‌ಟಿಕೆ ಡ್ರೋನ್, ಅಂದ್ರ ಹಾರೂಮುಂದನ ತನ್ನ ಜಾಗ ಸೆಂಟಿಮೀಟರ್ ಲೆಕ್ಕದಾಗ ತಿದ್ದಿಕೊಳ್ಳೋ ಡ್ರೋನ್, ಫೋಟೊದಾಗ ಎಲಿಪ್ಸಾಯ್ಡ್ ಎತ್ತರ ಬರದು, ನೀವು ಜಿಸಿಪಿಗೆ ಸಮುದ್ರ ಮಟ್ಟದ್ದು ಕೊಟ್ಟ್ರ ಸಾಫ್ಟ್‌ವೇರ್ ಎರಡರ ನಡುವ ಸಿಕ್ಕು ಒದ್ದಾಡತೈತಿ. ಆರ್‌ಟಿಕೆ ಡ್ರೋನ್ ಇದ್ರ ಜಿಸಿಪಿ ಕಡಿಮಿ ಸಾಕು ಅನ್ನೋದು ಖರೆ, ಒಂದೆರಡಾದ್ರೂ ಬೇಕು, ಚೆಕ್ ಪಾಯಿಂಟ್ ಮಾತ್ರ ಒಂದೂ ಬಿಡಬ್ಯಾಡ್ರಿ.

7. ಹಾರಾಟ

ಜಿಎಸ್‌ಡಿ ಅಂದ್ರ ಫೋಟೊದ ಒಂದು ಪಿಕ್ಸೆಲ್ ನೆಲದ ಮ್ಯಾಲ ಎಷ್ಟು ಜಾಗ ಹಿಡೀತೈತಿ ಅನ್ನೋದು. ಲೆಕ್ಕ ಸರಳ: ಸೆನ್ಸರ್ ಅಗಲವನ್ನ ಹಾರೋ ಎತ್ತರದಿಂದ ಗುಣಿಸಿ, ಫೋಕಲ್ ಲೆಂತ್ ಮತ್ತ ಫೋಟೊದ ಅಗಲದ ಪಿಕ್ಸೆಲ್ ಗುಣಲಬ್ಧದಿಂದ ಭಾಗಿಸ್ರಿ. ಫ್ಯಾಂಟಮ್ 4 ಪ್ರೊ ಅನ್ನೋ ಡ್ರೋನಿನಾಗ ಸೆನ್ಸರ್ 13.2 ಮಿಲಿಮೀಟರ್, ಫೋಕಲ್ ಲೆಂತ್ 8.8, ಫೋಟೊ 5472 ಪಿಕ್ಸೆಲ್ ಅಗಲ. 80 ಮೀಟರ್ ಎತ್ತರಕ್ಕ ಜಿಎಸ್‌ಡಿ 2.2 ಸೆಂಟಿಮೀಟರ್ ಬರತೈತಿ. ಎಲ್ಲಾ ಸರಿ ಮಾಡಿದ್ರ ಉದ್ದ-ಅಗಲದಾಗ ತಪ್ಪು ಜಿಎಸ್‌ಡಿಯ ಒಂದರಿಂದ ಎರಡು ಪಟ್ಟು, ಎತ್ತರದಾಗ ಎರಡರಿಂದ ಮೂರು ಪಟ್ಟು ಅಂತ ಹಿಡೀರಿ, ಅಂದ್ರ ಎತ್ತರದಾಗ ಸುಮಾರು 4ರಿಂದ 7 ಸೆಂಟಿಮೀಟರ್.

ಓವರ್‌ಲ್ಯಾಪ್ ಅಂದ್ರ ಒಂದು ಫೋಟೊ ಮತ್ತೊಂದರ ಮ್ಯಾಲ ಎಷ್ಟು ಏರಿ ಬರತೈತಿ ಅನ್ನೋದು. ಮುಂದಕ್ಕ 80, ಪಕ್ಕಕ್ಕ 70 ಪರ್ಸೆಂಟ್ ಇಡ್ರಿ. 80 ಮೀಟರ್ ಎತ್ತರದಾಗ ಒಂದು ಫೋಟೊ 120 ಮೀಟರ್ ಅಗಲ, 80 ಮೀಟರ್ ಉದ್ದ ನೆಲ ಹಿಡೀತೈತಿ, ಹಂಗಾಗಿ 36 ಮೀಟರಿಗೊಂದು ಸಾಲು, 16 ಮೀಟರಿಗೊಂದು ಫೋಟೊ. ಹೊಲದ ಅಂಚು ದಾಟಿ ಆಚೆ ಒಂದೊಂದು ಸಾಲು ಹೆಚ್ಚಿಗೆ ಹಾರಸ್ರಿ, ಇಲ್ಲಂದ್ರ ಅಂಚಿನ ಎತ್ತರ ಕೆಡತೈತಿ. ಎಲ್ಲಾ ಕೂಡಿ ಸುಮಾರು 200 ಫೋಟೊ ಆಗತಾವ, ಒಂದ ಬ್ಯಾಟರಿಯಾಗ ಮುಗೀತೈತಿ.

ಇದಾದ ಮ್ಯಾಲ ಇನ್ನೊಂದು ಬ್ಯಾಟರಿ ಹಾಕಿ, ಮೊದಲಿನ ಸಾಲಿಗೆ ಅಡ್ಡ, ಕ್ಯಾಮೆರಾವನ್ನ ನೆಟ್ಟಗ ಕೆಳಗಿನಿಂದ 20-30 ಡಿಗ್ರಿ ಮ್ಯಾಲೆತ್ತಿ ದೂರ ದೂರ ಸಾಲಿನಾಗ ಒಂದು ಸುತ್ತು ಹಾರಸ್ರಿ. ಇವ ಆ ಓರೆ ಫೋಟೊ, ಬಟ್ಟಲ ದೋಷಕ್ಕ ಎರಡನೇ ಮದ್ದು. ಹತ್ತು ನಿಮಿಷದ ಕೆಲಸ, ಬಿಡಬ್ಯಾಡ್ರಿ.

ಶಟರ್ ಸ್ಪೀಡ್ 1/1000 ಇಡ್ರಿ. ಸೆಕೆಂಡಿಗೆ 5 ಮೀಟರ್ ಹಾರೋ ಡ್ರೋನ್ ಅಷ್ಟರಾಗ ಅರ್ಧ ಸೆಂಟಿಮೀಟರ್ ಸರೀತೈತಿ, ಅದು ನಡೀತೈತಿ, 1/200 ಇಟ್ಟ್ರ ಎರಡೂವರೆ ಸೆಂಟಿಮೀಟರ್ ಸರದು ಪಿಕ್ಸೆಲ್ ಕಲಸತೈತಿ. ಫೋಕಸ್ ಒಂದ ಸಲ ಇಟ್ಟು ಮ್ಯಾನುವಲ್ ಮಾಡಿಬಿಡ್ರಿ.

ಏರಿಳಿತ ಇದ್ದ ಜಾಗದಾಗ ಒಂದು ಮೋಸ ಐತಿ. ಡ್ರೋನ್ 80 ಮೀಟರ್ ಅಂತ ಹೇಳೋದು ಏರಿದ ಜಾಗದಿಂದ. ಹಳ್ಳದ ಹತ್ತಿರ ಏರಿಸಿ, ಆಚೆ ಮಡ್ಡಿ 30 ಮೀಟರ್ ಎತ್ತರ ಇದ್ರ ಅಲ್ಲಿ ಡ್ರೋನ್ ನೆಲದಿಂದ 50 ಮೀಟರ್ ಮ್ಯಾಲಷ್ಟ ಇರತೈತಿ. ಫೋಟೊ ಹಿಡಿಯೋ ಅಗಲ 75 ಮೀಟರಿಗೆ ಇಳದು ಪಕ್ಕದ ಓವರ್‌ಲ್ಯಾಪ್ 70 ಹೋಗಿ 52 ಆಗತೈತಿ, ನಕ್ಷೆಯೊಳಗ ಅಲ್ಲೇ ತೂತು ಬೀಳತಾವ. ಗುಡ್ಡದ ಕಡೆ ಟೆರೇನ್ ಫಾಲೋ ಹಾಕ್ರಿ, ಅಂದ್ರ ನೆಲ ಏರಿದಂಗ ಡ್ರೋನೂ ಏರತೈತಿ. ಅದಿಲ್ಲಂದ್ರ ಎತ್ತರದ ತುದಿಯಿಂದ ಏರಸ್ರಿ. ಎಚ್‌ಟಿ ಲೈನು, ವಿಂಡ್‌ಮಿಲ್, ಮೊಬೈಲ್ ಟವರ್ ಎಲ್ಲದಾವ ಅಂತ ಮೊದಲ ಕಾಲ್ನಡಿಗಿಯಾಗ ನೋಡಿ ಬರ್ರಿ. ಹದ್ದು ಸುತ್ತಾಕ ಹತ್ತಿದ್ರ ಇಳಿಸಿ ಅರ್ಧ ತಾಸು ಕಾಯಿರಿ.

8. ಹೊಲ ಬಿಡೂಕಿಂತ ಮೊದಲ

ಮೂಲಿ, ನಡು, ಕಡೆಯ ಸಾಲು, ಹಿಂಗ ಹತ್ತಿಪ್ಪತ್ತು ಫೋಟೊ ಲ್ಯಾಪ್‌ಟಾಪಿನಾಗ ದೊಡ್ಡದು ಮಾಡಿ ನೋಡ್ರಿ. ಗುರುತಿನ ನಡುವಿನ ಬಿಂದು ಚೂಪ ಕಾಣಬೇಕು. ಹದಿಮೂರೂ ಗುರುತು ಕಂಡಾವೋ ಇಲ್ಲೋ ಎಣಿಸ್ರಿ. ಆಮ್ಯಾಲ ಫ್ಲೆಕ್ಸ್ ತಗೀರಿ. ಫೋಟೊನ ವಾಟ್ಸ್ಯಾಪ್‌ನಾಗ ಕಳಸಬ್ಯಾಡ್ರಿ, ಅದು ಫೋಟೊ ಹಿಂಡಿ ಸಣ್ಣ ಮಾಡತೈತಿ, ಒಳಗಿರೋ ಜಾಗದ ಮಾಹಿತಿನೂ ಅಳಿಸತೈತಿ. ಕಾರ್ಡಿನಿಂದ ನೇರ ಕಾಪಿ ಮಾಡ್ರಿ.

9. ಕಂಪ್ಯೂಟರ್ ಕೆಲಸ

ಮೆಟಾಶೇಪ್, ಪಿಕ್ಸ್‌4ಡಿ ದುಡ್ಡಿನವು. ವೆಬ್‌ಒಡಿಎಂ ಮುಕ್ತ ತಂತ್ರಾಂಶ, ನಮ್ಮ ಕೆಲಸಕ್ಕ ಅದು ಸಾಕು. ಸುಮಾರು 250 ಫೋಟೊ ತನಕ 16 ಜಿಬಿ ರ‍್ಯಾಮ್ ನಡೀತೈತಿ, ಓರೆ ಫೋಟೊ ಕೂಡಿ ಅದಕ್ಕಿಂತ ಹೆಚ್ಚಾದ್ರ 32 ಇದ್ರ ಆರಾಮ.

ಜಿಸಿಪಿ ಫೈಲಿನ ಮೊದಲ ಸಾಲಿನಾಗ ಯಾವ ಪ್ರೊಜೆಕ್ಷನ್, ಅಂದ್ರ ದುಂಡನ ಭೂಮಿಯನ್ನ ಸಪಾಟ ನಕ್ಷೆಗೆ ಇಳಿಸೋ ಪದ್ಧತಿ ಯಾವುದು ಅಂತ ಹೇಳಬೇಕು. ನಮ್ಮ ಬೆಳಗಾವಿ, ಬಾಗಲಕೋಟೆ, ವಿಜಯಪುರ ಮೂರೂ ಜಿಲ್ಲೆಗೆ ಯುಟಿಎಂ 43 ಉತ್ತರ, ಇಪಿಎಸ್‌ಜಿ ನಂಬರ್ 32643. ಆಮ್ಯಾಲ ಪ್ರತಿ ಸಾಲಿಗೆ ಈಸ್ಟಿಂಗ್ (ಪೂರ್ವದ ಕಡೆ ಅಳತಿ, ಮೀಟರಿನಾಗ), ನಾರ್ಥಿಂಗ್ (ಉತ್ತರದ ಕಡೆ ಅಳತಿ), ಎತ್ತರ, ಫೋಟೊದೊಳಗಿನ ಜಾಗ, ಫೋಟೊ ಹೆಸರು. ಈಸ್ಟಿಂಗ್-ನಾರ್ಥಿಂಗ್ ಅದಲು ಬದಲು ಮಾಡೂದು ನಿತ್ಯದ ತಪ್ಪು. ಈಸ್ಟಿಂಗ್ ಆರಂಕಿ, ನಾರ್ಥಿಂಗ್ ಏಳಂಕಿ, 17, 18 ಇಲ್ಲಾ 19ರಿಂದ ಶುರು. 75 ಡಿಗ್ರಿ ರೇಖಾಂಶ ಗೋಕಾಕ ಮತ್ತ ಮುಧೋಳದ ನಡುವ ಹಾಯತೈತಿ, ಅಲ್ಲಿ ಈಸ್ಟಿಂಗ್ 5 ಲಕ್ಷ. ಹಂಗಾಗಿ ಬಾಗಲಕೋಟೆ, ವಿಜಯಪುರ ಶಹರದ ಕಡೆ ಈಸ್ಟಿಂಗ್ 5ರಿಂದ, ಬೆಳಗಾವಿ ಶಹರದ ಕಡೆ 4ರಿಂದ ಶುರು ಆಗತೈತಿ, ನೋಡಿದ ಕೂಡ್ಲೆ ಗೊತ್ತ ಹಿಡೀಬಹುದು. ಪ್ರತಿ ಜಿಸಿಪಿಯನ್ನ ಕಡಿಮಿ ಅಂದ್ರ ಮೂರು ಫೋಟೊದಾಗ ಗುರುತಿಸ್ರಿ, ಐದಾರು ಇದ್ರ ಇನ್ನೂ ಚಲೋ. ದೊಡ್ಡದು ಮಾಡಿ ನಟ್ಟನಡುವ ಒತ್ತಬೇಕು, ಅವಸರ ಮಾಡಬ್ಯಾಡ್ರಿ. ಚೆಕ್ ಪಾಯಿಂಟ್ ಐದನ್ನ ಈ ಫೈಲಿನಾಗ ಹಾಕಬ್ಯಾಡ್ರಿ.

ಡಿಎಸ್‌ಎಂ ಮತ್ತ ಡಿಟಿಎಂ ಎರಡೂ ಕೇಳ್ರಿ. ಡಿಎಸ್‌ಎಂ ಅಂದ್ರ ಗಿಡ, ಗುಡಿಸಲು, ಬಣವಿ ಎಲ್ಲಾ ಕೂಡಿದ ಮ್ಯಾಲಿನ ಎತ್ತರ. ಡಿಟಿಎಂ ಅಂದ್ರ ಅವನ್ನ ತಗದ ಬರೇ ನೆಲದ ಎತ್ತರ.

10. ತಾಳೆ ನೋಡೂದು, ಇದನ್ನ ಬಿಟ್ಟ್ರ ಉಳಿದದ್ದೆಲ್ಲಾ ವ್ಯರ್ಥ

ಡಿಟಿಎಂನ ಕ್ಯೂಜಿಐಎಸ್ ಅನ್ನೋ ನಕ್ಷೆ ತಂತ್ರಾಂಶದಾಗ ತಗದು ಐದು ಚೆಕ್ ಪಾಯಿಂಟಿನ ಜಾಗದಾಗ ನಕ್ಷೆ ಎಷ್ಟು ಎತ್ತರ ಹೇಳತೈತಿ ನೋಡಿ, ನೀವು ಅಳದದ್ದನ್ನ ಕಳೀರಿ. ಉದಾಹರಣೆಗೆ +4, −6, +3, −5, +7 ಸೆಂಟಿಮೀಟರ್ ಬಂತು ಅನ್ರಿ. ಒಂದೊಂದನ್ನ ವರ್ಗ ಮಾಡಿ ಕೂಡಿಸಿದ್ರ 135, ಐದರಿಂದ ಭಾಗಿಸಿದ್ರ 27, ಅದರ ವರ್ಗಮೂಲ 5.2. ಇದ ಆರ್‌ಎಂಎಸ್‌ಇ, ಅಂದ್ರ ಸರಾಸರಿ ತಪ್ಪಿನ ಅಳತಿ. ಚಲೋ ನಕ್ಷೆ.

ಅಂಕಿಗಿಂತ ಚಿಹ್ನೆ ಹೆಚ್ಚು ಹೇಳತೈತಿ. ಎಲ್ಲಾ ಒಂದ ಕಡೆ, +18, +21, +19 ಹಿಂಗ ಬಂದ್ರ ಕಂಬದ ಎತ್ತರ ಇಲ್ಲಾ ಎತ್ತರದ ಪದ್ಧತಿ ಕಲಸಿರತೈತಿ, ನೋಟ್‌ಬುಕ್ಕು ತಗೀರಿ. ನಡುವ ಒಂದು ಚಿಹ್ನೆ, ಅಂಚಿಗೆ ಇನ್ನೊಂದು ಬಂದ್ರ ಬಟ್ಟಲ ದೋಷ. ಒಂದ ಬಿಂದು ಮಾತ್ರ ಹಾರಿದ್ರ ಆ ಫ್ಲೆಕ್ಸನ್ನ ಯಾರೋ ಸರಿಸಿದಾರ ಇಲ್ಲಾ ಫ್ಲೋಟ್‌ನಾಗ ಅಳದೀರಿ. ಸಾಫ್ಟ್‌ವೇರ್ ತನ್ನ ರಿಪೋರ್ಟಿನಾಗ ಜಿಸಿಪಿ ತಪ್ಪು 1 ಸೆಂಟಿಮೀಟರ್ ಅಂತ ತೋರಿಸಿದ್ರ ಹಿಗ್ಗಬ್ಯಾಡ್ರಿ, ಅದು ತನಗ ಹೇಳಿಕೊಟ್ಟ ಉತ್ತರ ತಿರುಗಿ ಹೇಳಿದಂಗ.

ಟೇಪ್ ಹಿಡಿದು ಉದ್ದ ಪರೀಕ್ಷೆ ಮಾಡೋರಿಗೆ ಒಂದು ಮಾತು. ಯುಟಿಎಂ ನಕ್ಷೆಯೊಳಗ ನಮ್ಮ ಕಡೆ ಉದ್ದ ಸ್ವಲ್ಪ ಕುಗ್ಗಿರತೈತಿ. ಟೇಪಿನಾಗ 100 ಮೀಟರ್ ಇದ್ದದ್ದು ನಕ್ಷೆಯೊಳಗ ಸುಮಾರು 99.96 ಬರತೈತಿ. ಅದು ನಿಮ್ಮ ತಪ್ಪಲ್ಲ, ದುಂಡನ ಭೂಮಿಯನ್ನ ಸಪಾಟ ಹಾಳಿ ಮ್ಯಾಲ ಇಳಿಸಿದ್ದರ ಫಲ. 20 ಎಕರೆಗೆ ಇದು ಅರ್ಧ ಗುಂಟೆಗಿಂತ ಸ್ವಲ್ಪ ಹೆಚ್ಚು ಆಗತೈತಿ, ಕ್ಷೇತ್ರ ಬರದು ಕೊಡೂಮುಂದ ನೆನಪಿರಲಿ.

11. ಕಾಂಟೂರ್ ಎಳೆಯೂದು

ಕಾಂಟೂರ್ ಅಂದ್ರ ಒಂದ ಎತ್ತರದ ಜಾಗ ಎಲ್ಲಾ ಕೂಡಿಸೋ ಗೆರಿ. ಗೆರಿ ನಡುವಿನ ಎತ್ತರದ ಅಂತರ ನಿಮ್ಮ ಆರ್‌ಎಂಎಸ್‌ಇಯ ಮೂರು ಪಟ್ಟಿಗಿಂತ ಕಡಿಮಿ ಇರಬಾರದು. 5.2 ಬಂದದ್ದಕ್ಕ 25 ಸೆಂಟಿಮೀಟರ್ ಗೆರಿ ಧೈರ್ಯದಿಂದ ಎಳೀಬಹುದು. 10 ಸೆಂಟಿಮೀಟರ್ ಎಳದುಕೊಡ್ರಿ ಅಂತ ಗಿರಾಕಿ ಕೇಳಿದ್ರ ಆಗೂದಿಲ್ಲ ಅನ್ರಿ, ಸಾಫ್ಟ್‌ವೇರ್ ಎಳದುಕೊಡತೈತಿ ಖರೆ, ಆದ್ರ ಅದು ತಪ್ಪಿನ ಗೆರಿ.

ಎಳೆಯೂಕಿಂತ ಮೊದಲ ಡಿಟಿಎಂನ ಅರ್ಧ ಮೀಟರ್ ಪಿಕ್ಸೆಲ್‌ಗೆ ಇಳಸ್ರಿ, ಇಲ್ಲಂದ್ರ ಪ್ರತಿ ಹೆಂಟಿ ಸುತ್ತ ಒಂದು ಗೆರಿ ಬರತೈತಿ. ಕ್ಯೂಜಿಐಎಸ್‌ನಾಗ ರಾಸ್ಟರ್, ಎಕ್ಸ್‌ಟ್ರಾಕ್ಷನ್, ಕಾಂಟೂರ್ ಅಂತ ಹೋಗಿ 0.25 ಕೊಡ್ರಿ.

ಡಿಟಿಎಂ ಮಾಡೋ ಜರಡಿ ಗಿಡ ತಗೀತೀನಿ ಅಂತ ಹೋಗಿ ಒಡ್ಡನ್ನೂ ತಗದಬಿಡತೈತಿ, ಇದನ್ನ ನಾನು ಎಷ್ಟೋ ಸಲ ನೋಡೀನಿ. ಅದಕ್ಕ ಒಡ್ಡು ನೆಲವೋ ಕಟ್ಟಡವೋ ಗೊತ್ತಿಲ್ಲ. ಫೋಟೊ ನಕ್ಷೆ ಪಕ್ಕಕ್ಕ ಇಟ್ಟು ಪ್ರತಿ ಒಡ್ಡು ಐತೋ ನೋಡ್ರಿ, ಇಲ್ಲದಿದ್ರ ಆ ಪಟ್ಟಿಯಾಗ ಡಿಎಸ್‌ಎಂ ಎತ್ತರ ತಗೋರಿ. ನೀರು ನಿಂತ ಹೊಂಡ, ಬಾವಿ ಒಳಗಿನ ಎತ್ತರ ನಂಬಬ್ಯಾಡ್ರಿ, ಅಲ್ಲಿ ಗೆರಿ ಅಳಿಸಿ ಕೈಯಿಂದ ಅಂಚು ಬರೀರಿ. ಕಡೀಕ ಹಳ್ಳದ ಮ್ಯಾಲ ಗೆರಿ ನೋಡ್ರಿ. ಹಳ್ಳ ದಾಟೂಮುಂದ ಕಾಂಟೂರ್ ಬಾಣದಂಗ ಚೂಪ ಆಗತೈತಿ, ಆ ಚೂಪು ನೀರು ಬರೋ ಕಡೆ, ಮ್ಯಾಲಕ್ಕ ತೋರಸಬೇಕು. ಕೆಳಗ ತೋರಿಸಿದ್ರ ಎತ್ತರದ ಚಿಹ್ನೆ ಎಲ್ಲೋ ತಿರುವುಮುರುವು ಆಗೈತಿ.

12. ನಕ್ಷೆ ಹೊಲಕ್ಕ ಒಯ್ಯೂದು

ಎ3 ಹಾಳಿ ಮ್ಯಾಲ ಫೋಟೊ ನಕ್ಷೆ ಹಾಕಿ, ಅದರ ಮ್ಯಾಲ ಗೆರಿ, ಪ್ರತಿ ಮೀಟರಿಗೆ ದಪ್ಪ ಗೆರಿ. ಮೂಲಿಗೆ ಉತ್ತರ ದಿಕ್ಕು, ಸ್ಕೇಲು, ಹಾರಿಸಿದ ತಾರೀಖು, ಎತ್ತರ ಯಾವುದರಿಂದ ಅಳದದ್ದು, ಚೆಕ್ ಪಾಯಿಂಟಿನ ಆರ್‌ಎಂಎಸ್‌ಇ ಬರೀರಿ. ತಪ್ಪು ಬರದು ಕೊಟ್ರ ಗಿರಾಕಿ ಓಡಿ ಹೋಗತಾನ ಅಂತ ಕೆಲವರು ಹೆದರತಾರ. ನನಗಂತೂ ಆ ಒಂದು ಸಾಲು ನೋಡೇ ಮತ್ತ ಕೆಲಸ ಕೊಟ್ಟೋರದಾರ.

ನಕ್ಷೆ ರೈತರ ಕೈಗೆ ಕೊಟ್ಟು, ಹೋದ ವರ್ಷ ಮಳಿಯಾಗ ನೀರು ಎಲ್ಲಿ ನಿಂತಿತ್ತು, ಯಾವ ಒಡ್ಡು ಒಡೀತು ಅಂತ ಕೇಳ್ರಿ, ಅವರು ಬೆರಳಿಟ್ಟ ಜಾಗ ನಿಮ್ಮ ತಗ್ಗಿನ ಜೋಡಿ ಕೂಡಬೇಕು. ಕೂಡಲಿಲ್ಲಂದ್ರ ಮೊದಲ ನಿಮ್ಮ ನಕ್ಷೆ ಮ್ಯಾಲ ಸಂಶಯ ಪಡ್ರಿ, ಹತ್ತನೇ ಹಂತಕ್ಕ ತಿರುಗಿ ಹೋಗ್ರಿ. ಕೂಡಿದ್ರ ಹೊಂಡದ ನಾಲ್ಕು ಮೂಲಿಗೆ, ನೀರು ಒಳಗ ಬರೋ ಬಾಯಿಗೆ, ಹೆಚ್ಚಿನ ನೀರು ಹೊರಗ ಹೋಗೋ ಕೋಡಿಗೆ ಗೂಟ ಹೊಡೀರಿ, ಗೌಂಡಿಗಳ ಲೆವೆಲ್ ಪೈಪಾದ್ರೂ ಸರಿ, ಬಾಯಿ ಮತ್ತ ಕೋಡಿ ನಡುವಿನ ಎತ್ತರ ಒಂದ ಸಲ ಅಳೀರಿ. ನಕ್ಷೆ ಹೇಳಿದ್ದಕ್ಕ ನಾಲ್ಕು ಬೆರಳಿನೊಳಗ ಬಂದ್ರ ಗೂಟದ ಮ್ಯಾಲ ಎತ್ತರ ಬರದು, ಆಮ್ಯಾಲ ಜೆಸಿಬಿಗೆ ಫೋನ್ ಮಾಡ್ರಿ.